ಹಿತ್ತಲಿನ ಕಲ್ಲುಹಾಸು ಮತ್ತು ಮಳೆಗಾಲ

ಮಲೆನಾಡಿನ ಮನೆಗಳ ಹಿತ್ತಲಿನಲ್ಲಿ ಬಚ್ಚಲಿನಿಂದ ಬಾವಿಕಟ್ಟೆಯವರೆಗೆ ಕಲ್ಲುಚಪ್ಪಡಿಗಳನ್ನು ಹಾಸಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಹಾಸಿದ ವರ್ಷ ಅದು ಒಪ್ಪವಾಗಿ ಸಮನಾಗಿರುತ್ತದೆ. ನಾಲ್ಕಾರು ಮಳೆಗಾಲಗಳು ಕಳೆದ ಮೇಲೆ ಒಂದು ಚಪ್ಪಡಿ ತಗ್ಗಿರುತ್ತದೆ. ಅದರ ನೆರೆಯದು ಮೂಲೆಯೆತ್ತಿ ನಿಂತಿರುತ್ತದೆ. ಮತ್ತೊಂದು ಕಾಲಿಟ್ಟೊಡನೆ ‘ಪಚಕ್’ ಎಂದು ಕೆಸರುನೀರನ್ನು ಕಣಕಾಲಿಗೆ ಚಿಮ್ಮಿಸುತ್ತದೆ. ಇದು ಅಂದಚೆಂದದ ಮಾತು ಮಾತ್ರವಲ್ಲ. ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರು ಮತ್ತೆ ಮೊದಲಿನಂತೆ ನಡೆದಾಡುವುದು ಬಹಳ ಕಷ್ಟ. ನೀರು ಗೋಡೆಯ ಕಡೆಗೆ ತಿರುಗಿತೆಂದರೆ ಮಣ್ಣಿನ ಗೋಡೆಯ ಬುಡವೇ ಸಡಿಲವಾಗುತ್ತದೆ.

ಕಲ್ಲು ಸವೆಯಲಿಲ್ಲ, ಮುರಿಯಲಿಲ್ಲ. ಆದರೂ ಹಾಸು ಏಕೆ ಕೆಟ್ಟಿತು? ಉತ್ತರ ಕಲ್ಲಿನಲ್ಲಿಲ್ಲ, ಅದರ ಕೆಳಗಿನ ಮಣ್ಣಿನಲ್ಲಿದೆ.

ಮಣ್ಣೆಂದರೆ ಕಣಗಳ ರಾಶಿ. ಈ ಕಣಗಳು ಒಂದನ್ನೊಂದು ಒತ್ತಿಕೊಂಡಿರುವಲ್ಲಿ ಉಂಟಾಗುವ ಘರ್ಷಣೆಯೇ ಅದರ ಬಲಕ್ಕೆ ಮುಖ್ಯ ಕಾರಣ. ಕಣಗಳ ನಡುವಣ ಎಡೆಗಳು ನೀರಿನಿಂದ ತುಂಬಿ, ಆ ನೀರಿಗೆ ಬೇಗನೆ ಹೊರಹೋಗಲು ದಾರಿಯಿಲ್ಲದಿದ್ದರೆ, ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರುತ್ತದೆ. ನೀರಿಗೆ ಘರ್ಷಣಬಲವಿಲ್ಲವಾದುದರಿಂದ ಅಷ್ಟರಮಟ್ಟಿಗೆ ಮಣ್ಣಿನ ಹಿಡಿತ ಕುಗ್ಗುತ್ತದೆ. ಈ ತತ್ತ್ವವನ್ನು ಸ್ಪಷ್ಟಪಡಿಸಿದವರು ಆಸ್ಟ್ರಿಯದ ಇಂಜಿನಿಯರ್ ಕಾರ್ಲ್ ಟರ್ಝಾಗಿ. 1925ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನೇ ಮಣ್ಣಿನ ಬಲವಿಜ್ಞಾನದ ಅಡಿಗಲ್ಲೆಂದು ಎಣಿಸುತ್ತಾರೆ. ಕಡಲತೀರದಲ್ಲಿ ಆಡಿದ ಮಕ್ಕಳಿಗೂ ನೀರಿನ ಈ ಎರಡು ಮುಖಗಳು ಪರಿಚಿತವೇ. ಒಣಮರಳು ಉಂಡೆ ಕಟ್ಟದು. ತೇವದ ಮರಳು ಗೋಪುರವಾಗಿ ನಿಲ್ಲುತ್ತದೆ. ಕಣಗಳ ನಡುವಣ ನೀರಿನ ತೆಳುಪೊರೆ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತದೆ. ಆದರೆ ಅಲೆ ಬಂದು ಎಡೆಗಳನ್ನೆಲ್ಲ ತುಂಬಿದ ಕ್ಷಣದಲ್ಲಿ ಗೋಪುರ ಕರಗಿ ಹೋಗುತ್ತದೆ.

ಹೀಗೆ ಸಡಿಲವಾದ ನೆಲದ ಮೇಲೆ ಚಪ್ಪಡಿ ಅಲುಗಾಡತೊಡಗಿದರೆ ಕೇಡು ತಾನಾಗಿಯೇ ಬೆಳೆಯುತ್ತದೆ. ಅರವತ್ತು ಸೆಂಟಿಮೀಟರ್ ಚೌಕದ, ಐದು ಸೆಂಟಿಮೀಟರ್ ದಪ್ಪದ ಕಣಶಿಲೆಯ ಚಪ್ಪಡಿ ಸುಮಾರು 48 ಕಿಲೋಗ್ರಾಂ ತೂಗುತ್ತದೆ. ಅದರ ಮೇಲೆ ಒಬ್ಬರು ಕಾಲಿಟ್ಟಾಗಲೆಲ್ಲ ಅಡಿಯ ನೀರು ಸಂದಿಯಿಂದ ಚಿಮ್ಮುತ್ತದೆ. ಚಿಮ್ಮುವಾಗ ನುಣ್ಣನೆಯ ಮಣ್ಣನ್ನೂ ಹೊತ್ತು ತರುತ್ತದೆ. ಚಪ್ಪಡಿಯೇ ಒಂದು ಪಂಪು, ನಡೆಯುವವರೇ ಅದನ್ನು ಒತ್ತುವವರು! ಮಣ್ಣು ಹೋದಷ್ಟೂ ಪೊಳ್ಳು ಹೆಚ್ಚು. ಪೊಳ್ಳು ಹೆಚ್ಚಿದಷ್ಟೂ ಅಲುಗಾಟ ಹೆಚ್ಚು.

ನೀರಿನ ಮೊತ್ತವನ್ನೂ ಸ್ವಲ್ಪ ಲೆಕ್ಕ ಹಾಕೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಅಷ್ಟು ಬೇಡ; ಒಂದು ದಿನದಲ್ಲಿ 100 ಮಿಲಿಮೀಟರ್ ಬಿತ್ತೆನ್ನಿ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಹಾಸಿನ ಮೇಲೆ ಬಿದ್ದ ನೀರು 2000 ಲೀಟರ್. ಮಾಡಿನ 60 ಚದರ ಮೀಟರಿನ ನೀರೂ ಅಲ್ಲಿಗೇ ಇಳಿಯುವುದಾದರೆ ಇನ್ನೂ 6000 ಲೀಟರ್ ಸೇರುತ್ತದೆ. ಅಂದರೆ ಹಾಸಿನ ಮುಖ್ಯ ವೈರಿ ಆಕಾಶವಲ್ಲ, ನಮ್ಮದೇ ಸೂರು. ಸೂರಿನ ಹನಿ ನಾಲ್ಕು ತಿಂಗಳು ಒಂದೇ ಗೆರೆಯ ಮೇಲೆ ಬಿದ್ದು ನೆಲವನ್ನು ಕೊರೆಯುತ್ತದೆ. ಆದುದರಿಂದ ರಿಪೇರಿಯ ಮೊದಲ ಕೆಲಸ ಮಾಡಿಗೆ ದೋಣಿ ಕಟ್ಟಿಸಿ ಆ ನೀರನ್ನು ದೂರ ಒಯ್ಯುವುದು.

ಅನೇಕರು ತಗ್ಗಿದ ಕಲ್ಲಿನ ಮೇಲೆ ಸಿಮೆಂಟು ಮೆತ್ತಿ ಮಟ್ಟಮಾಡುತ್ತಾರೆ. ಅಡಿಯ ಪೊಳ್ಳು ಹಾಗೆಯೇ ಉಳಿಯುವುದರಿಂದ ಈ ತೆಳುಪದರ ಬಹುಬೇಗ ಬಿರುಕುಬಿಟ್ಟು ಏಳುತ್ತದೆ. ಚಪ್ಪಡಿಗಳನ್ನು ಹಾರೆಯಿಂದ ಮೀಟಿ ತೆಗೆದು ಅಡಿಯಿಂದಲೇ ಸರಿಪಡಿಸುವುದಲ್ಲದೆ ಬೇರೆ ದಾರಿಯಿಲ್ಲವೆಂದು ನಾವು ತಿಳಿಯುತ್ತೇವೆ. ಕೆಲಸ ದೊಡ್ಡದು, ಆದರೆ ಕಠಿನವಲ್ಲ.

ಇದಕ್ಕೆ ತಕ್ಕ ಕಾಲ ದೀಪಾವಳಿಯ ಆಸುಪಾಸು. ಮಲೆನಾಡಿನವರು ಅಡಿಕೆ ಒಣಗಿಸುವ ಅಂಗಳವನ್ನು ಕೆತ್ತಿ, ಬಡಿದು, ಸಗಣಿ ಸಾರಿಸುವುದು ಮಳೆ ನಿಂತು ನೆಲದ ಹಸಿ ಪೂರ್ತಿ ಆರುವುದರೊಳಗೆ. ಈ ರೂಢಿಗೆ ಒಳ್ಳೆಯ ಆಧಾರವಿದೆ. ಅಣೆಕಟ್ಟುಗಳ ಮಣ್ಣನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಆರ್. ಆರ್. ಪ್ರಾಕ್ಟರ್ 1933ರಲ್ಲಿ ತೋರಿಸಿದಂತೆ, ಒಂದೇ ಬಗೆಯ ಬಡಿತಕ್ಕೆ ಮಣ್ಣು ಅತ್ಯಂತ ದಟ್ಟವಾಗುವುದು ಒಂದು ನಿರ್ದಿಷ್ಟ ತೇವದಲ್ಲಿ ಮಾತ್ರ. ಒಣಗಿದ್ದರೆ ಕಣಗಳು ಜರುಗವು. ನೀರು ಹೆಚ್ಚಾದರೆ ಕಣಗಳಿಗೆ ಎಡೆಯೇ ಇರದು. ಹಿಡಿ ಮಣ್ಣನ್ನು ಹಿಂಡಿದರೆ ಉಂಡೆಯಾಗಬೇಕು, ಅಂಗೈ ಒದ್ದೆಯಾಗಬಾರದು. ಅಷ್ಟು ತೇವ ಸಾಕು.

ಐದು ಸೆಂಟಿಮೀಟರ್ ಚಪ್ಪಡಿ, ನಾಲ್ಕು ಸೆಂಟಿಮೀಟರ್ ಮರಳು, ಹತ್ತು ಸೆಂಟಿಮೀಟರ್ ಜಲ್ಲಿ, ಇವಿಷ್ಟಕ್ಕೆ ಸುಮಾರು ಇಪ್ಪತ್ತು ಸೆಂಟಿಮೀಟರ್ ಆಳ ಅಗೆಯಬೇಕು. ಮೆತ್ತನೆಯ ಕೆಸರು, ಬೇರು, ಕೊಳೆತ ಎಲೆ ಸಿಕ್ಕಿದರೆ ಇನ್ನೂ ಕೆಳಗೆ ಹೋಗಿ ಗಟ್ಟಿ ಮಣ್ಣು ತುಂಬಿ ದಿಮ್ಮಸಿನಿಂದ ಬಡಿಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ: ಮೇಲಿನ ಹಾಸಿಗೆ ಕೊಡುವ ಇಳಿಜಾರನ್ನೇ ಗುಂಡಿಯ ತಳಕ್ಕೂ ಕೊಟ್ಟು, ತಗ್ಗಿನ ಅಂಚಿನಲ್ಲಿ ಚರಂಡಿಗೆ ಬಾಯಿ ಬಿಡಬೇಕು. ಇಲ್ಲದಿದ್ದರೆ ಜಲ್ಲಿಯ ಪದರ ನೀರು ಬಸಿಯುವುದರ ಬದಲು ನೀರಿನ ತೊಟ್ಟಿಯಾಗುತ್ತದೆ. ಜಲ್ಲಿಯೂ ಒಂದೇ ಗಾತ್ರದ್ದಿರಬಾರದು. ಅದರ ಎಡೆಗಳೊಳಗೆ ಮರಳು ಇಳಿದುಹೋಗಿ ಚಪ್ಪಡಿ ಮತ್ತೆ ತಗ್ಗುತ್ತದೆ. ದಪ್ಪದ ಮೇಲೆ ಸಣ್ಣ ಜಲ್ಲಿ ಹರಡಿ ಬಡಿದು ಎಡೆಗಳನ್ನು ಮುಚ್ಚಬೇಕು. ಮರಳು ಉರುಟಾಗಿರಲಿ. ಗಾಜಿನ ಸೀಸೆಯಲ್ಲಿ ಮರಳು, ನೀರು ಹಾಕಿ ಕುಲುಕಿ ಕೆಲವು ಗಂಟೆ ಬಿಟ್ಟರೆ, ಅದರಲ್ಲಿ ಎಷ್ಟು ಜೇಡಿ ಬೆರೆತಿದೆಯೆಂಬುದು ಮೇಲ್ಪದರವಾಗಿ ಕಾಣಿಸುತ್ತದೆ.

ಇಳಿಜಾರು ಐವತ್ತಕ್ಕೆ ಒಂದರಂತೆ ಇದ್ದರೆ ಸಾಕು. ನಾಲ್ಕು ಮೀಟರಿಗೆ ಎಂಟು ಸೆಂಟಿಮೀಟರ್. ನಡೆಯುವವರಿಗೆ ಅದು ಅರಿವಿಗೇ ಬರದು, ನೀರಿಗೆ ಬರುತ್ತದೆ. ಗುರುತಿಸಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆಯೇ ಸಾಕು. ಅದರ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ; ಒಳಗೆ ಗಾಳಿಗುಳ್ಳೆ ಮಾತ್ರ ಉಳಿಯಕೂಡದು. ಗೋಡೆಯ ಬದಿಯ ಗೂಟದಿಂದ ಮಟ್ಟವನ್ನು ಎದುರಿನ ಗೂಟಕ್ಕೆ ಒಯ್ದು, ಅಲ್ಲಿ ಎಂಟು ಸೆಂಟಿಮೀಟರ್ ಕೆಳಗೆ ಗುರುತು ಮಾಡಿ ದಾರ ಕಟ್ಟಿದರೆ ದಾರವೇ ಮುಂದಿನ ದಾರಿ ತೋರಿಸುತ್ತದೆ.

ಚಪ್ಪಡಿಯನ್ನಿಟ್ಟು ಮರದ ಕೊಡತಿಯಿಂದ ತಟ್ಟಿ ಕೂರಿಸಬೇಕು. ಟೊಳ್ಳು ದನಿ ಬಂದ ಮೂಲೆಯಲ್ಲಿ ಮರಳು ಸಾಲದು. ಕಲ್ಲನ್ನೆತ್ತಿ ತುಂಬಬೇಕೇ ಹೊರತು ಅಂಚಿನಿಂದ ತುರುಕಬಾರದು. ಸಂದಿಗಳಿಗೂ ಮರಳೇ ಲೇಸು. ಸಿಮೆಂಟಿನ ಸಂದಿ ನೆಲ ಸ್ವಲ್ಪ ಅಲುಗಿದರೂ ಬಿರಿದು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಮರಳಿನದು ಸರಿಯುತ್ತದೆ, ಕೊಚ್ಚಿಹೋದರೆ ಗುಡಿಸಿ ತುಂಬಬಹುದು. ಕಲ್ಲಿನ ಉಳಿಯೇಟಿನ ಒರಟು ಮುಖ ಮೇಲಿರಲಿ. ಅಷ್ಟರಿಂದಲೇ ಜಾರಿಕೆ ಬಹಳ ಕಡಿಮೆಯಾಗುತ್ತದೆ.

ಎಲ್ಲ ಮುಗಿದ ಮೇಲೆ ಗೋಡೆಯ ಬದಿಯಿಂದ ಎರಡು ಕೊಡ ನೀರು ಸುರಿದು ನೋಡಬೇಕು. ನೀರು ಎಲ್ಲಿ ನಿಂತಿತೋ ಆ ಚಪ್ಪಡಿಗೆ ಸೀಮೆಸುಣ್ಣದ ಗುರುತು ಹಾಕಿ, ಮರಳು ಒಣಗಿದ ಮೇಲೆ ಅದೊಂದನ್ನೇ ಎತ್ತಿ ಸರಿಪಡಿಸಿದರಾಯಿತು.