ಹೊಸ ಬಣ್ಣದ ಗೋಡೆ, ಕಾಣದ ತೇಪೆ

ಪೇಂಟರ್ ಕೆಲಸ ಮುಗಿಸಿ ಹೋದರು. ಸಂಜೆ ಲೈಟ್ ಹಾಕಿದಿರಿ. ಬೆಳಿಗ್ಗೆ ನುಣ್ಣಗೆ ಕಂಡ ಗೋಡೆಯಲ್ಲಿ ಈಗ ಇಳಿದ ಹನಿ, ಸಣ್ಣ ಗುಳಿ, ರೋಲರ್ ಗೆರೆ! ಗಾಬರಿ ಬೇಡ, ಸರಿಮಾಡಬಹುದು.

ಮೊಬೈಲ್ ಟಾರ್ಚನ್ನು ಗೋಡೆಗೆ ತಾಗಿಸಿ, ಬೆಳಕು ಗೋಡೆಯ ಮೇಲೇ ಹರಿಯುವಂತೆ ಹಿಡಿಯಿರಿ. ಉಬ್ಬುತಗ್ಗುಗಳ ನೆರಳು ಬೀಳುತ್ತದೆ. ಅಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ.

ಇಳಿದ ಹನಿಯನ್ನು ಹಸಿಯಿದ್ದಾಗ ಕೆರೆಯಬೇಡಿ, ಸುತ್ತಲಿನ ಬಣ್ಣವೂ ಕಿತ್ತುಬರುತ್ತದೆ. ಪೂರ್ತಿ ಒಣಗಲಿ. ಮಳೆಗಾಲವಾದರೆ ಇನ್ನೊಂದೆರಡು ದಿನ ತಾಳಿ. ಆಮೇಲೆ 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ಗುಳಿಗೆ ಪುಟ್ಟಿ ತುಂಬಿ. ಒಂದೇ ಸಲ ದಪ್ಪಗೆ ಬೇಡ, ತೆಳುವಾಗಿ ಎರಡು ಸಲ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪುಟ್ಟಿಯ ಮೇಲೆ ನೇರವಾಗಿ ಬಣ್ಣ ಬಳಿಯುತ್ತಾರೆ. ಪುಟ್ಟಿ ಬಣ್ಣವನ್ನು ಹೀರಿಕೊಳ್ಳುತ್ತದೆ, ಆ ಜಾಗ ಮಾತ್ರ ಮಂಕಾಗುತ್ತದೆ. ಅದಕ್ಕೇ ಪುಟ್ಟಿ ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹಚ್ಚಲೇಬೇಕು. ಬಣ್ಣ ಅದೇ ಡಬ್ಬದ್ದೇ ಇರಲಿ; ಉಳಿದದ್ದನ್ನು ದಯವಿಟ್ಟು ಎಸೆಯಬೇಡಿ! ಹೊಳಪಿಲ್ಲದ ಬಣ್ಣವಾದರೆ ಚಿಕ್ಕ ರೋಲರಿನಲ್ಲಿ ಅಷ್ಟು ಜಾಗಕ್ಕೆ ಹಚ್ಚಿದರೆ ಸಾಕಾಗಬಹುದು. ಹೊಳಪಿನ ಬಣ್ಣದಲ್ಲಿ ತೇಪೆ ಎದ್ದು ಕಾಣುತ್ತದೆ. ಆಗ ಒಂದು ಮೂಲೆಯಿಂದ ಇನ್ನೊಂದು ಮೂಲೆವರೆಗೆ ಇಡೀ ಗೋಡೆಗೆ, ನಡುವೆ ನಿಲ್ಲಿಸದೆ, ಒಂದು ಕೋಟ್ ಹೊಡೆಯುವುದೇ ಸರಿ.

ಬಣ್ಣ ಗುಳ್ಳೆ ಎದ್ದಿದೆಯೇ? ಒಂದನ್ನು ಕೆರೆದು ನೋಡಿ. ಒಳಗೆ ತೇವವಿದ್ದರೆ ಬ್ರಶ್ ಪಕ್ಕಕ್ಕಿಡಿ. ಗೋಡೆಯಾಚೆ ಬಾತ್‌ರೂಮ್ ಪೈಪ್ ಇದೆಯಾ, ಮೇಲೆ ತಾರಸಿ ಸೋರುತ್ತಿದೆಯಾ, ಮೊದಲು ಅದನ್ನು ಹುಡುಕಿ.