ಡಿಸ್ಕುಗಳ ಕೂಟ ಒಡೆದಾಗ

ಮಾನವನು ತಾನು ಕಂಡುದನ್ನೂ ಕೇಳಿದುದನ್ನೂ ಉಳಿಸಿಕೊಳ್ಳಲು ಕಲ್ಲು, ತಾಮ್ರ, ಓಲೆಗರಿ, ಕಾಗದಗಳನ್ನು ಒಂದಾದ ಮೇಲೊಂದರಂತೆ ಬಳಸುತ್ತ ಬಂದಿದ್ದಾನೆ. ನಮ್ಮ ಗೋರಂಟ್ಲಕ್ಕೆ ಸಮೀಪದ ಲೇಪಾಕ್ಷಿಯ ದೇವಾಲಯದಲ್ಲಿ ವಿಜಯನಗರದ ಕಾಲದ ಕನ್ನಡ ಶಾಸನಗಳು ಸುಮಾರು ೫೦೦ ವರ್ಷಗಳಿಂದ ನಿಂತಿವೆ. ಇಂದಾದರೋ ಶಾಲೆಯ ಅಂಕಪಟ್ಟಿ, ಅಂಗಡಿಯ ಲೆಕ್ಕ, ಮದುವೆಯ ಛಾಯಾಚಿತ್ರ ಎಲ್ಲವೂ ಗಣಕಯಂತ್ರದ ಡಿಸ್ಕಿನೊಳಗೆ ಸೇರಿವೆ. ಕಲ್ಲಿನ ಬಾಳಿಕೆ ಡಿಸ್ಕಿಗಿಲ್ಲ. ಆದುದರಿಂದ ಅದರ ರಕ್ಷಣೆಯ ಬಗೆಯನ್ನು ನಾವೆಲ್ಲರೂ ತಿಳಿದಿರುವುದು ಒಳ್ಳೆಯದು.

೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ ೫೦ ತಟ್ಟೆಗಳಿದ್ದು, ಅವುಗಳಲ್ಲಿ ಸುಮಾರು ೫೦ ಲಕ್ಷ ಅಕ್ಷರಗಳು ಹಿಡಿಸುತ್ತಿದ್ದವು. ಆಗ ದೊಡ್ಡ ಡಿಸ್ಕುಗಳ ಬೆಲೆ ಬಹಳವಾಗಿತ್ತು. ಹಲವು ಅಗ್ಗದ ಡಿಸ್ಕುಗಳನ್ನು ಕೂಡಿಸಿ ಒಂದರಂತೆ ಬಳಸಬಾರದೇಕೆ ಎಂದು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ ಎಂಬ ಮೂವರು ೧೯೮೮ರಲ್ಲಿ ಒಂದು ಪ್ರಬಂಧ ಬರೆದರು. ಈ ಕೂಟಕ್ಕೆ ‘ರೇಡ್’ ಎಂದು ಹೆಸರಾಯಿತು.

ಇದರಲ್ಲಿ ಒಂದು ಡಿಸ್ಕು ಕೆಟ್ಟರೂ ವಿಷಯ ಉಳಿಯುವುದು ಹೇಗೆ? ಒಬ್ಬ ವಿದ್ಯಾರ್ಥಿಗೆ ಕನ್ನಡದಲ್ಲಿ ೬೨, ಗಣಿತದಲ್ಲಿ ೭೧ ಅಂಕಗಳು ಬಂದಿವೆ, ಮೊತ್ತ ೧೩೩. ಗಣಿತದ ಅಂಕ ಅಳಿಸಿಹೋಯಿತೆನ್ನಿ. ೧೩೩ರಲ್ಲಿ ೬೨ನ್ನು ಕಳೆದರೆ ೭೧ ಮರಳಿ ದೊರೆಯುವುದಲ್ಲವೇ? ಮೂರು ಡಿಸ್ಕುಗಳ ‘ರೇಡ್ ೫’ ಎಂಬ ಕೂಟದಲ್ಲಿಯೂ ಇಂತಹದೇ ಉಪಾಯವಿದೆ. ಅಲ್ಲಿ ಮೊತ್ತದಂತಹ ಒಂದು ಗುರುತನ್ನು ಮೂರು ಡಿಸ್ಕುಗಳಲ್ಲಿಯೂ ಸರದಿಯಂತೆ ಹಂಚಿಡುತ್ತಾರೆ. ‘ರೇಡ್ ೧’ರಲ್ಲಿ ಎರಡು ಡಿಸ್ಕುಗಳಲ್ಲಿಯೂ ಒಂದೇ ಬರಹವಿರುತ್ತದೆ. ‘ರೇಡ್ ೦’ರಲ್ಲಿ ಮಾತ್ರ ಇಂತಹ ಆಸರೆ ಏನೂ ಇಲ್ಲ, ಒಂದು ಡಿಸ್ಕು ಹೋದರೆ ಎಲ್ಲವೂ ಹೋದಂತೆಯೇ.

ಇನ್ನು ಕೂಟ ಒಡೆಯುವ ಸಂದರ್ಭವನ್ನು ನೋಡೋಣ. ಗಣಕದ ಮುಖ್ಯ ಫಲಕವಾದ ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿನಲ್ಲಿ ಯಂತ್ರವನ್ನು ಎಬ್ಬಿಸುವ ಆದೇಶಗಳಿವೆ. ಇವೇ ಫರ್ಮ್‌ವೇರ್. ಇದನ್ನು ಹೊಸದಾಗಿಸಿದಾಗ ಮೊದಲಿನ ಹೊಂದಾಣಿಕೆಗಳು ಅನೇಕ ವೇಳೆ ಅಳಿದು, ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಮರಳುತ್ತವೆ. ‘ರೇಡ್’ ಎಂದು ಇದ್ದ ಆಯ್ಕೆ ‘ಎ.ಎಚ್.ಸಿ.ಐ.’ ಎಂದಾಗುತ್ತದೆ. ಯಂತ್ರವು ಡಿಸ್ಕುಗಳನ್ನು ಬೇರೆಬೇರೆಯಾಗಿ ಕಾಣುತ್ತದೆ, ಕೂಟವೇ ಇಲ್ಲವೆನ್ನುತ್ತದೆ. ಹೊಸ ಮಾಸ್ತರರು ಹಾಜರಿ ಪುಸ್ತಕ ಕಾಣದೆ, ಮಕ್ಕಳೆಲ್ಲ ಎದುರಿಗೆ ಕುಳಿತಿದ್ದರೂ ‘ಈ ತರಗತಿಯೇ ಇಲ್ಲ’ ಎಂದ ಹಾಗೆ!

ಆದರೆ ಹಾಜರಿ ಪುಸ್ತಕ ಕಳೆದಿಲ್ಲ. ತಾನು ಯಾವ ಕೂಟಕ್ಕೆ ಸೇರಿದ್ದು, ಎಷ್ಟನೆಯದು ಎಂಬ ವಿವರ ಆಯಾ ಡಿಸ್ಕಿನಲ್ಲಿಯೇ, ಸಾಮಾನ್ಯವಾಗಿ ಅದರ ಕೊನೆಯ ಭಾಗದಲ್ಲಿ ಬರೆದಿರುತ್ತದೆ. ಅದನ್ನು ಅಳಿಸದಿರುವುದೇ ಇಲ್ಲಿ ನಾವು ಮಾಡಬೇಕಾದ ಮುಖ್ಯ ಕೆಲಸ.

ಮೊದಲನೆಯದಾಗಿ, ಗಾಬರಿಯಾಗಬಾರದು. ‘ಡಿಸ್ಕನ್ನು ಸಿದ್ಧಗೊಳಿಸಲೇ? ಫಾರ್ಮ್ಯಾಟ್ ಮಾಡಲೇ?’ ಎಂದು ಯಂತ್ರ ಕೇಳಿದರೆ ಒಪ್ಪಬಾರದು. ಹೊಸ ಕೂಟವನ್ನೂ ರಚಿಸಬಾರದು. ಎರಡನೆಯದಾಗಿ, ಯಂತ್ರವನ್ನು ನಿಲ್ಲಿಸಿ, ಯಾವ ತಂತಿ ಯಾವ ಡಿಸ್ಕಿಗೆ ಸೇರಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಮೂರನೆಯದಾಗಿ, ಫರ್ಮ್‌ವೇರಿನ ಹೊಂದಾಣಿಕೆಯ ಪುಟಕ್ಕೆ ಹೋಗಿ, ಮೊದಲಿದ್ದಂತೆ ‘ರೇಡ್’ ಎಂದು ಬದಲಿಸಿ, ಉಳಿಸಿ, ಯಂತ್ರವನ್ನು ಮತ್ತೆ ಆರಂಭಿಸಬೇಕು. ಬದಲಾದದ್ದು ಈ ಆಯ್ಕೆಯೊಂದೇ ಆಗಿದ್ದರೆ ಇಷ್ಟರಿಂದಲೇ ಕೂಟ ಮರಳಿ ಕಾಣುತ್ತದೆ.

ಆಗಲೂ ‘ರೇಡ್ ೫’ರ ಒಂದು ಡಿಸ್ಕು ಮಾತ್ರ ಕಾಣದಿದ್ದರೆ ತಂತಿ ಸಡಿಲವಾಗಿದೆಯೇ ಎಂದು ನೋಡಬೇಕು. ಉಳಿದೆರಡರಿಂದ ವಿಷಯವನ್ನು ಓದಬಹುದಾದುದರಿಂದ, ಮೊದಲು ಮುಖ್ಯವಾದುದನ್ನು ಬೇರೆಡೆಗೆ ನಕಲು ಮಾಡಿ, ಆಮೇಲೆ ಮೂರನೆಯದನ್ನು ಕೂಡಿಸುವುದು ಜಾಣತನ. ಎರಡು ಡಿಸ್ಕುಗಳ ಗುರುತೇ ಕಾಣದಿದ್ದರೆ ತಿಳಿದವರ ನೆರವು ಅಗತ್ಯ. ಅವರು ಪ್ರತಿಯೊಂದು ಡಿಸ್ಕನ್ನೂ ಅಕ್ಷರಶಃ ನಕಲು ಮಾಡಿ, ಆ ನಕಲಿನ ಮೇಲೆಯೇ ಪ್ರಯತ್ನ ನಡೆಸುತ್ತಾರೆ. ಲಿನಕ್ಸ್‌ನ ‘ಎಂಡಿಆಡ್ಮ್’ ಎಂಬ ಉಪಕರಣ ಇಂಟೆಲ್ ಮಾದರಿಯ ಕೂಟದ ಗುರುತುಗಳನ್ನೂ ಓದಬಲ್ಲದು. ಊಹೆಯಿಂದ ಡಿಸ್ಕುಗಳ ಕ್ರಮ ತಪ್ಪಿಸಿ ಜೋಡಿಸಿ ಬರೆಯತೊಡಗಿದರೆ, ಪುಟಗಳು ಅದಲುಬದಲಾದ ಪುಸ್ತಕದಂತೆ ಎಲ್ಲವೂ ಕಲಸಿಹೋಗುತ್ತದೆ.

ಪಾಲಕರೂ ಒಂದು ಮಾತನ್ನು ಗಮನಿಸಬೇಕು. ಕೂಟವೆಂದರೆ ನಕಲು ಪ್ರತಿಯಲ್ಲ. ಒಂದು ಚಿತ್ರವನ್ನು ಕೈತಪ್ಪಿ ಅಳಿಸಿದರೆ ಅದು ಕೂಟದಿಂದಲೇ ಅಳಿಯುತ್ತದೆ. ಸಿಡಿಲು ಬಡಿದರೆ ಎಲ್ಲ ಡಿಸ್ಕುಗಳೂ ಒಟ್ಟಿಗೇ ಸುಡಬಹುದು. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ಪ್ರಸಿದ್ಧಿಯಿದೆ. ಒಂದು ಊರಿನ ಓಲೆಯನ್ನು ಗೆದ್ದಲು ತಿಂದರೂ ಇನ್ನೊಂದು ಊರಿನಲ್ಲಿ ಕಾವ್ಯ ಉಳಿದಿರುತ್ತದೆ. ನಮಗೆ ಸಾವಿರ ಪ್ರತಿ ಬೇಡ. ಬೇರೆ ಮನೆಯಲ್ಲಿ ಇನ್ನೊಂದು ಪ್ರತಿಯಿದ್ದರೂ ದೊಡ್ಡ ಆಸರೆಯೇ. ತೀರಿಕೊಂಡ ಅಜ್ಜ ಅಜ್ಜಿಯರ ಚಿತ್ರವನ್ನು ಮತ್ತೆ ತೆಗೆಸಲು ಯಾರಿಂದ ಸಾಧ್ಯ?

ಆದುದರಿಂದ ಫರ್ಮ್‌ವೇರನ್ನು ಬದಲಿಸುವ ಮೊದಲೇ ಪ್ರತಿ ಮಾಡಿಡಬೇಕು. ಹೊಂದಾಣಿಕೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನಡುವೆ ವಿದ್ಯುತ್ತು ನಿಲ್ಲದಂತೆ ಯು.ಪಿ.ಎಸ್. ಏರ್ಪಾಡು ಮಾಡಿಕೊಳ್ಳಬೇಕು, ಏಕೆಂದರೆ ಅರ್ಧಕ್ಕೆ ನಿಂತರೆ ಮದರ್‌ಬೋರ್ಡೇ ಏಳದೆ ಹೋಗಬಹುದು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ಮುಂದೆ ಇಂತಹ ಯಂತ್ರಗಳ ಮುಂದೆ ಕುಳಿತು ಕೆಲಸ ಮಾಡುವವರಿದ್ದೀರಿ. ತೆರೆಯ ಮೇಲೆ ಬಂದ ಪ್ರಶ್ನೆಯನ್ನು ಪೂರ್ತಿಯಾಗಿ ಓದಿ, ಅರ್ಥ ಮಾಡಿಕೊಂಡು, ಆ ಬಳಿಕವೇ ಉತ್ತರಿಸುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಿರಿ.