ವಾರದ ಹೆಸರಿಲ್ಲದ ದಿನ

ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಮಿಡಲ್-ಅರ್ಥ್ ಎಂಬ ಕಲ್ಪಿತ ಲೋಕದಲ್ಲಿ ಕಾಲಗಣನೆ ಒಂದೊಂದು ಜನಾಂಗಕ್ಕೆ ಒಂದೊಂದು ಬಗೆ. ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಮೂರನೆಯ ಸಂಪುಟ (1955) ಈ ಕ್ಯಾಲೆಂಡರುಗಳಿಗೆಂದೇ ಒಂದು ಅನುಬಂಧವನ್ನು ಮೀಸಲಿಟ್ಟಿದೆ.

ಸಾವಿಲ್ಲದ ಎಲ್ಫ್ ಎಂಬ ಜನಾಂಗಕ್ಕೆ ಒಂದು ವರ್ಷ ತೀರ ಚಿಕ್ಕ ಅಳತೆ. ಅವರ ‘ಯೇನ್’ ಎಂದರೆ 144 ಸೌರವರ್ಷ. ವಾರಕ್ಕೆ ಆರೇ ದಿನ. ಋತುಗಳೂ ಆರು, ಆದರೆ ಸಮನಾಗಿಲ್ಲ, ನಾಲ್ಕಕ್ಕೆ 54 ದಿನ, ಎರಡಕ್ಕೆ 72. ವಾರಕ್ಕೆ ಏಳನೆಯ ದಿನವನ್ನು ಸಮುದ್ರದ ಹೆಸರಿನಲ್ಲಿ ಸೇರಿಸಿದವರು ನ್ಯೂಮೆನೋರ್‌ನ ನಾವಿಕರು.

ಎಲ್ಲಕ್ಕಿಂತ ಜಾಣತನದ್ದು ಶೈರ್ ನಾಡಿನ ಹಾಬಿಟ್ ಎಂಬ ಗಿಡ್ಡ ಜನರ ಕ್ಯಾಲೆಂಡರು. ಹನ್ನೆರಡು ತಿಂಗಳಿಗೂ ತಲಾ 30 ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರವು: ಚಳಿಗಾಲದಲ್ಲಿ ವರ್ಷದ ಕೊನೆಗೊಂದು, ಮೊದಲಿಗೊಂದು ‘ಯೂಲ್’, ನಡುಬೇಸಿಗೆಯಲ್ಲಿ ಎರಡು ‘ಲೈದ್’, ಅವುಗಳ ಮಧ್ಯೆ ನಡುವರ್ಷದ ದಿನ. ಅಧಿಕ ವರ್ಷದಲ್ಲಿ ಅದರ ಪಕ್ಕಕ್ಕೆ ‘ಓವರ್‌ಲೈದ್’ ಬರುತ್ತದೆ. ಅಂದು ಹಬ್ಬ ಇನ್ನೂ ಜೋರು. ತಾರೀಕು ಪ್ರತಿವರ್ಷ ಬೇರೆ ಬೇರೆ ವಾರಕ್ಕೆ ಬೀಳುವುದು ಅಚ್ಚುಕಟ್ಟಿನ ಹಾಬಿಟ್‌ಗಳಿಗೆ ಸರಿಬರಲಿಲ್ಲ. ನಡುವರ್ಷದ ದಿನಕ್ಕೂ ಓವರ್‌ಲೈದ್‌ಗೂ ವಾರದ ಹೆಸರನ್ನೇ ತೆಗೆದುಹಾಕಿದರು. ಉಳಿದ 364 ದಿನ ಎಂದರೆ ಸರಿಯಾಗಿ 52 ವಾರ. ಅಂದಿನಿಂದ ವರ್ಷ ಶನಿವಾರವೇ ಹುಟ್ಟಿ ಶುಕ್ರವಾರವೇ ಮುಗಿಯತೊಡಗಿತು. ಕತೆಯ ಹಿರಿಯ ಹಾಬಿಟ್ ಬಿಲ್ಬೋನ ಹುಟ್ಟುಹಬ್ಬವಾದ ಸೆಪ್ಟೆಂಬರ್ 22 ಯಾವ ವರ್ಷವಾದರೂ ಗುರುವಾರವೇ. ಯಾವ ತಿಂಗಳೂ ಶುಕ್ರವಾರ ಶುರುವಾಗದ ಕಾರಣ, ‘ಒಂದನೇ ತಾರೀಕು ಶುಕ್ರವಾರ’ ಎಂದರೆ ಎಂದಿಗೂ ಬಾರದ ದಿನವೆಂದು ಅಲ್ಲಿ ತಮಾಷೆ. ಯುಗಾದಿಯ ವಾರ ನೋಡಿ ವರ್ಷದ ರಾಜನನ್ನು ಹೇಳುವ ನಮ್ಮ ಪಂಚಾಂಗದವರಿಗೆ ಶೈರ್‌ನಲ್ಲಿ ಕೆಲಸವಿರದು; ಅಲ್ಲಿ ಎಂದೆಂದೂ ಶನಿಯದೇ ಆಳ್ವಿಕೆ.

ಇದು ಬರಿಯ ಕಲ್ಪನೆಯ ಆಟವೂ ಅಲ್ಲ. ವಾರವಿಲ್ಲದ ದಿನಗಳ ‘ವಿಶ್ವ ಕ್ಯಾಲೆಂಡರ್’ಗಾಗಿ ಎಲಿಸಬೆತ್ ಅಕೆಲಿಸ್ 1930ರಿಂದ ಪ್ರಚಾರ ನಡೆಸಿದ್ದರು. ಅದನ್ನು ವಿಶ್ವಸಂಸ್ಥೆಯ ಮುಂದಿಟ್ಟದ್ದು ಭಾರತ. 1954ರಲ್ಲಿ ಜಿನೀವಾದಲ್ಲಿ ಅದರ ಪರ ವಾದಿಸಿದವರು ವಿಜ್ಞಾನಿ ಮೇಘನಾದ ಸಾಹಾ. ಏಳು ದಿನಗಳ ಸರಣಿ ಮುರಿದರೆ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಆಚರಣೆ ಕೆಡುತ್ತದೆಂದು ಧಾರ್ಮಿಕ ಸಮುದಾಯಗಳು ವಿರೋಧಿಸಿದವು, ಯೋಜನೆ ಮೂಲೆ ಸೇರಿತು. ಹಾಬಿಟ್‌ಗಳಿಗೆ ಅಂಥ ಅಡ್ಡಿಯಿರಲಿಲ್ಲ. ಪಕ್ಕದ ಬ್ರೀ ಊರನ್ನು ದಾಟಿದರೆ ಮಾತ್ರ ಅವರ ವಾರದ ಲೆಕ್ಕ ಹೊರಗಿನವರಿಗೆ ಹೊಂದುತ್ತಿರಲಿಲ್ಲ.

ತಿಂಗಳುಗಳ ಹೆಸರಿಗೆ ಟೋಲ್ಕಿನ್ ಹಳೆಯ ಇಂಗ್ಲಿಷಿನ ಮೊರೆಹೋದರು. ಕ್ರಿ.ಶ. 725ರಲ್ಲಿ ಬೀಡ್ ಎಂಬ ಸನ್ಯಾಸಿ ದಾಖಲಿಸಿದ ಆಂಗ್ಲರ ಚಾಂದ್ರಮಾನದಲ್ಲಿ ಯೂಲ್, ಲೈದ್‌ಗಳ ಮೂಲರೂಪಗಳು ದಿನಗಳಲ್ಲ, ತಿಂಗಳುಗಳು. ಕೆಲವು ವರ್ಷ ಮೂರನೆಯ ‘ಲಿದಾ’ವನ್ನು ಸೇರಿಸುತ್ತಿದ್ದರು, ಥೇಟ್ ನಮ್ಮ ಅಧಿಕಮಾಸದಂತೆ. ಚಂದ್ರನ ವಿಷಯದಲ್ಲೂ ಟೋಲ್ಕಿನ್ ಬಿಗಿ. ಕಥಾನಾಯಕ ಫ್ರೋಡೋನ ಪಯಣದ ದಿನಗಳಲ್ಲಿ ಚಂದ್ರನ ಕಲೆಗಳು ತಾಳೆಯಾಗುತ್ತಿಲ್ಲವೆಂದು 1944ರಲ್ಲಿ ಗಮನಕ್ಕೆ ಬಂದಾಗ ಹಿಂದಿನ ಅಧ್ಯಾಯಗಳನ್ನು ತಿದ್ದಿ ಬರೆದರು.

ಕತೆಯ ಕೊನೆಗೆ ಖಳನಾಯಕ ಸೌರಾನ್ ಅಳಿದದ್ದು ಮಾರ್ಚ್ 25ರಂದು. ಗೊಂಡೋರ್ ಎಂಬ ಮಾನವರ ರಾಜ್ಯದ ಹೊಸ ಅರಸ ಆ ದಿನವನ್ನೇ ವರ್ಷಾರಂಭ ಮಾಡಿದ. ಹಾಬಿಟ್‌ಗಳು ಮಾತ್ರ ಯೂಲ್‌ನಿಂದಲೇ ವರ್ಷ ಎಣಿಸುತ್ತ ಬಂದರು.